ಮಾರಾಟ ಬೇರೆ, ಮಾರ್ಕೆಟಿಂಗ್ ಬೇರೆ

ಬಿ.ಬಿ.ಎ. ಸೇರಿದ ಮಗ ಮಾರ್ಕೆಟಿಂಗ್ ಆರಿಸಿಕೊಳ್ಳುತ್ತೇನೆ ಎಂದರೆ ಅನೇಕ ಮನೆಗಳಲ್ಲಿ ಅಪ್ಪ ಅಮ್ಮನ ಮುಖ ಸಪ್ಪಗಾಗುತ್ತದೆ. ಅವರ ಕಣ್ಣ ಮುಂದೆ ಬರುವುದು ಟೈ ಕಟ್ಟಿ, ಹೆಗಲಿಗೆ ಚೀಲ ಹಾಕಿ, ಉರಿಬಿಸಿಲಿನಲ್ಲಿ ಮನೆಮನೆಯ ಬಾಗಿಲು ತಟ್ಟುವ ಹುಡುಗ. ಅದಕ್ಕೆ ಇಷ್ಟೆಲ್ಲ ಓದಬೇಕೆ ಎಂಬ ಪ್ರಶ್ನೆ ಸಹಜ. ಮಗಳಾದರೆ ಆತಂಕ ಇನ್ನೂ ಹೆಚ್ಚು.

ಈ ಚಿತ್ರ ಪೂರ್ತಿ ಸುಳ್ಳೇನೂ ಅಲ್ಲ. ಸಾಬೂನು, ಬಿಸ್ಕತ್ತು ತಯಾರಿಸುವ ದೊಡ್ಡ ಕಂಪೆನಿಗಳು ಎಂ.ಬಿ.ಎ. ಮುಗಿಸಿ ಬಂದವರನ್ನೂ ಮೊದಮೊದಲು ಅಂಗಡಿ ಅಂಗಡಿ ಸುತ್ತಿಸುತ್ತವೆ. ಆದರೆ ಸುತ್ತಿಸುವುದು ಬರೀ ಸರಕು ಖಾಲಿ ಮಾಡಿಸಲಿಕ್ಕಲ್ಲ. ಕೊಳ್ಳುವವರ ಮುಖ ನೋಡಿ ಬರಲಿ ಎಂದು. ಸರಕು ಸಿದ್ಧವಾದ ಮೇಲೆ ಅದಕ್ಕೆ ಗಿರಾಕಿ ಹುಡುಕುವುದು ಮಾರಾಟ. ಗಿರಾಕಿಗೆ ಏನು ಬೇಕೆಂದು ತಿಳಿದು, ಆಮೇಲೆ ಸರಕು ಮಾಡಲು ಹೊರಡುವುದು ಮಾರ್ಕೆಟಿಂಗ್. ಥಿಯೊಡೊರ್ ಲೆವಿಟ್ ಎಂಬ ಪ್ರಾಧ್ಯಾಪಕರು 1960ರಲ್ಲಿ ಒಂದು ಲೇಖನದಲ್ಲಿ ಅಮೆರಿಕದ ರೈಲ್ವೆ ಕಂಪೆನಿಗಳ ಉದಾಹರಣೆ ಕೊಟ್ಟರು. ತಮ್ಮ ವ್ಯಾಪಾರ ರೈಲು ಎಂದುಕೊಂಡವೇ ಹೊರತು ಜನರನ್ನೂ ಸರಕನ್ನೂ ಸಾಗಿಸುವುದು ಎಂದುಕೊಳ್ಳಲಿಲ್ಲ, ಆದ್ದರಿಂದ ಕಾರು, ಲಾರಿ, ವಿಮಾನಗಳಿಗೆ ಗಿರಾಕಿಗಳನ್ನು ಬಿಟ್ಟುಕೊಟ್ಟವು ಎಂಬುದು ಅವರ ವಾದ.

ಅದೇ 1960ರಲ್ಲಿ ಜೆರೋಮ್ ಮೆಕಾರ್ಥಿ ತಮ್ಮ ಪಠ್ಯಪುಸ್ತಕದಲ್ಲಿ ನಾಲ್ಕು ‘ಪಿ’ಗಳನ್ನು ಮುಂದಿಟ್ಟರು. ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. ಅಂದರೆ ಸರಕು, ಬೆಲೆ, ಅದು ಸಿಗುವ ಜಾಗ, ಅದರ ಪ್ರಚಾರ. ಅಂದಿನಿಂದ ಇಂದಿನವರೆಗೆ ಕಾಮರ್ಸ್ ವಿದ್ಯಾರ್ಥಿಗಳು ಇವನ್ನು ಮಗ್ಗಿಯಂತೆ ಉರುಹೊಡೆಯುತ್ತಿದ್ದಾರೆ. ಪರೀಕ್ಷೆಯಲ್ಲಿ ಒಂದೊಂದು ‘ಪಿ’ಗೆ ಐದೈದು ಸಾಲು ಬರೆದರೆ ಅಂಕವೂ ಬರುತ್ತದೆ. ತೊಂದರೆ ಏನೆಂದರೆ, ನಾಲ್ಕನ್ನೂ ಬಿಡಿಬಿಡಿಯಾಗಿ ಕಲಿತವರಿಗೆ ಅವು ಒಂದಕ್ಕೊಂದು ಹೆಣೆದುಕೊಂಡಿರುವ ಬಗೆ ಕಾಣುವುದೇ ಇಲ್ಲ.

ಅದನ್ನು ಕಾಣಲು ನಮ್ಮ ದೇಶದ್ದೇ ಒಂದು ಕಥೆ ಇದೆ. 1969. ಅಹಮದಾಬಾದ್. ಗುಜರಾತ್ ಸರ್ಕಾರದ ಭೂವಿಜ್ಞಾನ ಮತ್ತು ಗಣಿ ಇಲಾಖೆಯಲ್ಲಿ ಕೆಲಸಕ್ಕಿದ್ದ ಕರ್ಸನ್‌ಭಾಯಿ ಪಟೇಲ್ ಎಂಬ ರಸಾಯನ ವಿಜ್ಞಾನದ ಪದವೀಧರ ಮನೆಯಲ್ಲೇ ಬಟ್ಟೆ ಒಗೆಯುವ ಪುಡಿ ತಯಾರಿಸಿ, ಸೈಕಲ್ ಮೇಲೆ ಹೇರಿಕೊಂಡು, ಮನೆಮನೆಗೆ ಮಾರತೊಡಗಿದರು. ಹೆಸರು ನಿರ್ಮಾ, ಮಗಳು ನಿರುಪಮಾಳ ಹೆಸರಿನಿಂದ ಬಂದದ್ದು. ಆಗ ಪೇಟೆಯಲ್ಲಿ ಹಿಂದೂಸ್ತಾನ್ ಲಿವರ್ ಕಂಪೆನಿಯ ಸರ್ಫ್‌ನದೇ ದರ್ಬಾರು. ಅದರ ಬೆಲೆ ಕಿಲೋಗೆ ಸುಮಾರು 13 ರೂಪಾಯಿ. ನಿರ್ಮಾದ್ದು 3 ರೂಪಾಯಿಯ ಆಸುಪಾಸು.

ಅಗ್ಗವಾದ್ದರಿಂದ ಗೆದ್ದಿತು ಎಂದು ಇಲ್ಲಿಗೇ ಪುಸ್ತಕ ಮುಚ್ಚುವವರು ಹೆಚ್ಚು. ಅಷ್ಟೇ ಆಗಿದ್ದರೆ ಅಗ್ಗದ ಪುಡಿಗಳೆಲ್ಲ ಗೆಲ್ಲಬೇಕಿತ್ತು. ನಿರ್ಮಾ ಕೊಳ್ಳುತ್ತಿದ್ದವರು ಯಾರು? ಹೆಚ್ಚಿನವರು ಸರ್ಫ್ ಬಿಟ್ಟು ಬಂದವರಲ್ಲ. ಬಾರ್ ಸೋಪು ತಿಕ್ಕಿ ಬಟ್ಟೆ ಒಗೆಯುತ್ತಿದ್ದವರು, ಪುಡಿ ಎಂದರೆ ಸಿರಿವಂತರದು ಎಂದುಕೊಂಡಿದ್ದವರು. ಅವರಿಗೆ ಘಮಘಮ ಪರಿಮಳ ಬೇಕಿರಲಿಲ್ಲ; ಕೊಳೆ ಹೋದರೆ ಸಾಕಿತ್ತು. ನಿರ್ಮಾ ಕೈಗೆ ಸ್ವಲ್ಪ ಒರಟು ಎಂಬ ದೂರಿತ್ತು. ಬೆಲೆ ನೋಡಿ ಅದನ್ನೂ ಸಹಿಸಿದರು. ಪುಡಿಯನ್ನು ವಿದ್ಯುತ್ ಯಂತ್ರವಿಲ್ಲದೆ ಕೈಯಿಂದಲೇ ಬೆರೆಸುತ್ತಿದ್ದುದರಿಂದ ಅಬಕಾರಿ ಸುಂಕದ ರಿಯಾಯಿತಿಯೂ ದೊರೆತು ಖರ್ಚು ತಗ್ಗಿತು.

ಈಗ ನಾಲ್ಕು ‘ಪಿ’ಗಳನ್ನು ಜೋಡಿಸಿ ನೋಡಬಹುದು. ಸರಕು ಸರಳ, ಹಾಗಾಗಿ ಬೆಲೆ ಕಡಿಮೆ. ಬೆಲೆ ಕಡಿಮೆಯಾದ್ದರಿಂದ ಕಿಲೋ ಒಂದರ ಮೇಲೆ ಸಿಗುವ ಲಾಭವೂ ಪುಡಿಗಾಸು. ಲಕ್ಷಾಂತರ ಪೊಟ್ಟಣ ಹೋದರೆ ಮಾತ್ರ ಉಳಿಗಾಲ. ಅಷ್ಟು ಹೋಗಬೇಕಾದರೆ ಸೈಕಲ್ ಸಾಲದು, ಹಳ್ಳಿಯ ಸಣ್ಣ ಅಂಗಡಿಯಲ್ಲೂ ಅದು ಸಿಗಬೇಕು. ಕಾಣದ ಊರಿನ ಗೃಹಿಣಿ ಅದನ್ನು ಹೆಸರು ಹಿಡಿದು ಕೇಳಬೇಕಾದರೆ ರೇಡಿಯೊ ಬೇಕು, ಆಮೇಲೆ ದೂರದರ್ಶನ ಬೇಕು. ಬಿಳಿ ಫ್ರಾಕಿನ ಹುಡುಗಿ, ನಾಲಿಗೆಗೆ ಅಂಟಿಕೊಳ್ಳುವ ಹಾಡು ಬಂದದ್ದು ಹೀಗೆ. ಒಂದು ಎಳೆ ಕಿತ್ತರೆ ಉಳಿದ ಮೂರೂ ಸಡಿಲವಾಗುತ್ತವೆ. 1980ರ ದಶಕದ ನಡುವಿನ ಹೊತ್ತಿಗೆ ನಿರ್ಮಾ ಮಾರಾಟದ ಪ್ರಮಾಣದಲ್ಲಿ ಸರ್ಫನ್ನು ಹಿಂದೆ ಹಾಕಿತ್ತು.

ಎದುರಾಳಿ ಏನು ಮಾಡಿತು ಎಂಬುದು ಇನ್ನೂ ಒಳ್ಳೆಯ ಪಾಠ. ಇವರ ಗಿರಾಕಿಗಳು ನಮ್ಮವರಲ್ಲ ಎಂದು ಹಿಂದೂಸ್ತಾನ್ ಲಿವರ್ ಮೊದಲು ಸುಮ್ಮನಿತ್ತು. ಆಮೇಲೆ ಲಲಿತಾಜಿ ಬಂದರು. ಚೌಕಾಸಿ ಮಾಡಿ ತರಕಾರಿ ಕೊಳ್ಳುವ ಈ ಗಟ್ಟಿಗಿತ್ತಿ ಗೃಹಿಣಿ, ಅಗ್ಗದ ವಸ್ತು ಬೇರೆ, ಒಳ್ಳೆಯ ವಸ್ತು ಬೇರೆ ಎಂದು ಸರ್ಫ್ ಪರ ವಾದಿಸಿದರು. ಸರ್ಫ್ ಗಿರಾಕಿಗಳು ಕದಲದಂತೆ ಹಿಡಿದಿಡಲು ಇದು ನೆರವಾಯಿತು. ನಿರ್ಮಾ ಕೊಳ್ಳುವವರನ್ನು ಸೆಳೆಯಲು ಇದು ಸಾಲುವಂತಿರಲಿಲ್ಲ. ಕೊನೆಗೆ 1980ರ ದಶಕದ ಕೊನೆಯಲ್ಲಿ ಕಂಪೆನಿ ‘ವ್ಹೀಲ್’ ಎಂಬ ಅಗ್ಗದ ಪುಡಿಯನ್ನು ಬೇರೆಯದೇ ಹೆಸರಿನಲ್ಲಿ ತಂದಿತು. (2007ರಿಂದ ಕಂಪೆನಿಯ ಹೆಸರು ಹಿಂದೂಸ್ತಾನ್ ಯೂನಿಲಿವರ್.)

ಸರ್ಫ್ ಬೆಲೆಯನ್ನೇ ಇಳಿಸಿದ್ದರೆ ಆಗುತ್ತಿರಲಿಲ್ಲವೆ? ವಿದ್ಯಾರ್ಥಿಗಳು ಉತ್ತರ ಓದುವ ಮೊದಲು ಒಂದು ನಿಮಿಷ ಯೋಚಿಸಲಿ. ಇಳಿಸಿದ್ದರೆ ಹೆಚ್ಚು ಕೊಡಲು ಸಿದ್ಧರಿದ್ದವರೂ ಕಡಿಮೆ ಕೊಡುತ್ತಿದ್ದರು. ಇಷ್ಟು ದಿನ ಹೆಚ್ಚಿಗೆ ಕಿತ್ತುಕೊಂಡರಲ್ಲ ಎಂಬ ಅನುಮಾನವೂ ಹುಟ್ಟುತ್ತಿತ್ತು. ಮಾರುಕಟ್ಟೆಯನ್ನು ವಿಭಾಗಿಸಿ, ಒಂದೊಂದು ವಿಭಾಗಕ್ಕೂ ಒಪ್ಪುವ ಸರಕು ಕೊಡಬೇಕು ಎಂದು ಪಠ್ಯಪುಸ್ತಕ ಒಣಒಣವಾಗಿ ಹೇಳುವ ‘ಸೆಗ್ಮೆಂಟೇಷನ್’ ಎಂದರೆ ಇದೇ.

ಫಿಲಿಪ್ ಕೋಟ್ಲರ್ ಅವರ ‘ಮಾರ್ಕೆಟಿಂಗ್ ಮ್ಯಾನೇಜ್‌ಮೆಂಟ್’ 1967ರಿಂದ ಆವೃತ್ತಿಯ ಮೇಲೆ ಆವೃತ್ತಿ ಕಂಡಿದೆ. ತೂಕದಲ್ಲೂ ಬೆಲೆಯಲ್ಲೂ ಭಾರಿ ಪುಸ್ತಕ. ಮೊದಲ ವರ್ಷದವರು ಕೊಳ್ಳಬೇಕಾಗಿಲ್ಲ, ಗ್ರಂಥಾಲಯದ ಪ್ರತಿ ಸಾಕು. ಅದಕ್ಕಿಂತ ಮೊದಲು ಬೀದಿಯ ದಿನಸಿ ಅಂಗಡಿಯ ಪಕ್ಕ ಸಂಜೆ ಒಂದು ಗಂಟೆ ನಿಲ್ಲುವುದು ಒಳ್ಳೆಯದು. ಹೆಸರು ಹೇಳಿ ಕೇಳುವವರು ಎಷ್ಟು ಮಂದಿ, ‘ಒಂದು ಸೋಪು ಕೊಡಿ’ ಎಂದಷ್ಟೇ ಹೇಳುವವರು ಎಷ್ಟು ಮಂದಿ? ಕೇಳಿದ್ದು ಇಲ್ಲದಾಗ ಅಂಗಡಿಯವರು ಬದಲಿಗೆ ಏನನ್ನು ಮುಂದಿಡುತ್ತಾರೆ? ಶಾಂಪೂ ಪೊಟ್ಟಣದ ಸರ ಕಣ್ಣಿಗೆ ಬೀಳುವಂತೆ ಮುಂದೆಯೇ ತೂಗುವುದೇಕೆ? ಪೊಟ್ಟಣ ಮತ್ತು ಬಾಟಲಿಗಳ ಒಂದು ಮಿಲಿಲೀಟರ್ ಬೆಲೆಯನ್ನು ಲೆಕ್ಕ ಹಾಕಿ ಹೋಲಿಸಿದರೆ ಕೆಲವೊಮ್ಮೆ ಅಚ್ಚರಿ ಕಾದಿರುತ್ತದೆ.

ತಂದೆ ತಾಯಿಗೂ ಇಲ್ಲಿ ಕೆಲಸವಿದೆ. ಮನೆಯಲ್ಲಿ ಬಟ್ಟೆ ಪುಡಿ ಎಷ್ಟು ಸಲ ಬದಲಾಯಿತು, ಯಾರ ಮಾತಿಗೆ ಬದಲಾಯಿತು ಎಂದು ಅಮ್ಮ ಹೇಳಬಲ್ಲರು. ಅಪ್ಪ ಮೊದಲ ಸ್ಕೂಟರ್ ಕೊಂಡದ್ದು ಬೆಲೆ ನೋಡಿಯೋ, ಪಕ್ಕದ ಮನೆಯವರ ಬಳಿ ಅದು ಇದ್ದುದರಿಂದಲೋ? ಮಕ್ಕಳು ಬರೆದುಕೊಳ್ಳಲಿ. ಜೊತೆಗೆ ಸಂಖ್ಯಾಶಾಸ್ತ್ರವನ್ನು ಬಿಡದೆ ಓದಲಿ. ಮಾತು ಬಲ್ಲವನಿಗೆ ಈ ಕ್ಷೇತ್ರ ಸಾಕು ಎಂಬ ನಂಬಿಕೆಯಿಂದ ಲೆಕ್ಕಕ್ಕೆ ಹೆದರಿ ಇಲ್ಲಿಗೆ ಬರುವವರಿದ್ದಾರೆ. ಯಾವ ಊರಿನಲ್ಲಿ ಯಾವ ಪೊಟ್ಟಣ ಎಷ್ಟು ಹೋಯಿತು ಎಂಬ ಅಂಕಿಗಳನ್ನು ಬಿಡಿಸಿ ಓದಬಲ್ಲವರನ್ನೇ ಇಂದು ಕಂಪೆನಿಗಳು ಸಂದರ್ಶನದಲ್ಲಿ ಹುಡುಕುತ್ತವೆ.