ಸ್ಟೇರಿಂಗ್ ಕೈಗೆ ಕೊಡದೇ ‘ನಿಮಗೆ ಬರಲ್ಲ’ ಅನ್ನೋರಿಗೆ



ಹೋದ ಭಾನುವಾರ ಒಂದು ಫೋಟೋ ಹಾಕಿದ್ದೆ. ಕೆಂಪು ಸ್ಪೋರ್ಟ್ಸ್ ಕಾರಿನ ಸ್ಟೇರಿಂಗ್ ಹಿಡಿದು ಕೂತಿರೋ ಫೋಟೋ. ಅದಕ್ಕೆ ಬೈದ ಜಾತಿವಾದಿಗಳನ್ನ ನಾನು ಲೆಕ್ಕಕ್ಕೇ ಇಟ್ಟಿಲ್ಲ. ಆದ್ರೆ ನಮ್ಮವರೇ ಇಬ್ಬರು ಮೂವರು ಬರೆದದ್ದು ಮನಸ್ಸಿಗೆ ನಾಟಿತು. ‘ಹೋರಾಟಗಾರರಿಗೆ ಇದೆಲ್ಲಾ ಬೇಕಾ ಅಣ್ಣ?’ ಅಂತ ಒಬ್ಬರು. ‘ಬಂಡವಾಳಶಾಹಿಯ ಆಟಿಕೆ ಜೊತೆ ಪೋಸಾ?’ ಅಂತ ಇನ್ನೊಬ್ಬರು. ಉತ್ತರ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೈಯಿರಿ.

ನನ್ನ ಅಕ್ಕನ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಚಿಕ್ಕಂದಿನಿಂದ ಕಾರಿನ ಹುಚ್ಚು. ಸೆಕೆಂಡ್ ಹ್ಯಾಂಡ್‌ನಲ್ಲಾದರೂ ಒಂದಿನ ಸ್ಪೋರ್ಟ್ಸ್ ಕಾರು ತಗೋಬೇಕು ಅಂತ ಆಸೆ. ತಗೊಳ್ಳೋದಕ್ಕೆ ಮುಂಚೆ ಓಡಿಸಿ ನೋಡಬೇಕಲ್ಲ? ಒಂದು ಶೋರೂಮಿಗೆ ಫೋನ್ ಮಾಡಿ ಟೆಸ್ಟ್ ಡ್ರೈವ್ ಬುಕ್ ಮಾಡಿದ. ಇಬ್ಬರ ಹೆಸರೂ ಕೊಟ್ಟ. ಇಬ್ಬರ ಡಿಎಲ್ ಕಾಪಿಯನ್ನೂ ವಾಟ್ಸಾಪಲ್ಲಿ ಕಳಿಸಿದ. ‘ಮಾವ, ನೀನೂ ಓಡಿಸಬೇಕು’ ಅಂದ.

ಅವನ ಸಣ್ಣ ಕಾರಲ್ಲೇ ಹೋದ್ವಿ. ಓಡಿಸ್ತಿದ್ದವನು ನಾನು. ಗೇಟಲ್ಲಿ ಸೆಕ್ಯೂರಿಟಿಯವರು ಅವನಿಗೆ ಬಾಗಿಲು ತೆಗೆದು ಸಲಾಮು ಹೊಡೆದರು. ನನಗೆ, ‘ಡ್ರೈವರ್‌ಗಳಿಗೆ ಹಿಂದ್ಗಡೆ ಜಾಗ ಇದೆ, ಅಲ್ಲಿ ಹಾಕ್ಕೊಳಿ’ ಅಂದರು. ಡ್ರೈವರ್ ಅಂದದ್ದಕ್ಕೆ ನನಗೆ ಬೇಜಾರಿಲ್ಲ. ನನ್ನ ತಮ್ಮ ಲಾರಿ ಡ್ರೈವರು, ಅವನ ದುಡಿಮೇಲೆ ನಮ್ಮನೆ ನಿಂತಿತ್ತು. ನನ್ನ ಪ್ರಶ್ನೆ ಬೇರೆ. ಒಂದೇ ಕಾರಿಂದ ಇಳಿದ ಇಬ್ಬರಿಗೆ ಎರಡು ದಾರಿ ಯಾಕೆ? ನನ್ನ ಬಣ್ಣ, ನನ್ನ ಚಪ್ಪಲಿ, ನಾನು ನಿಂತುಕೊಳ್ಳೋ ರೀತಿ ನೋಡಿದ ತಕ್ಷಣ ‘ಹಿಂದ್ಗಡೆ’ ಅನ್ನೋ ಮಾತು ಅಷ್ಟು ಸಲೀಸಾಗಿ ಬಾಯಿಗೆ ಹೇಗೆ ಬರುತ್ತೆ?

ಹಿಂದ್ಗಡೆ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ನೀರಿನ ಕ್ಯಾನ್. ಪಕ್ಕದಲ್ಲೇ ಒಬ್ಬ ಹುಡುಗ ಅದೇ ಕೆಂಪು ಕಾರು ತೊಳೆದು ಒರೆಸ್ತಿದ್ದ. ನಮ್ಮ ಕಾರಿನ ಡ್ಯಾಶ್‌ಬೋರ್ಡ್ ಮೇಲಿದ್ದ ಬಾಬಾಸಾಹೇಬರ ಪುಟ್ಟ ಮೂರ್ತಿ ನೋಡಿ ಹತ್ರ ಬಂದು, ಮೆಲ್ಲಗೆ ‘ಜೈಭೀಮ್ ಅಣ್ಣ’ ಅಂದ. ‘ನೀನು ಇದನ್ನ ಓಡಿಸಿದ್ದೀಯೇನಪ್ಪ?’ ಅಂತ ಕೇಳಿದೆ. ‘ದಿನಾ ಓಡಿಸ್ತೀನಣ್ಣ. ವಾಷಿಂಗಿಂದ ಮುಂದಿನ ಬಾಗಿಲವರೆಗೆ. ಇಪ್ಪತ್ತರ ಮೇಲೆ ಮುಳ್ಳು ಹೋಗಿದ್ದು ನೋಡಿಲ್ಲ’ ಅಂದು ನಕ್ಕ. ಆ ನಗು ನನ್ನ ಬಿಟ್ಟು ಹೋಗ್ತಿಲ್ಲ.

ಅಷ್ಟರಲ್ಲಿ ನನ್ನ ಹುಡುಕ್ಕೊಂಡು ಅಳಿಯ ಬಂದ, ಒಳಗೆ ಕರ್ಕೊಂಡು ಹೋದ. ಸೇಲ್ಸ್‌ನವರು ಕಾಫಿ ಕೊಟ್ಟು ಮಾತಿಗೆ ಶುರುಮಾಡಿದರು. ಯಾವೂರು ಸಾರ್? ಕೋಲಾರದ ಕಡೆ. ಓ, ಗೌಡ್ರಾ? ಅಲ್ಲ. ಮತ್ತೆ? ‘ಅಂಬೇಡ್ಕರ್ ಕಡೆಯವರು’ ಅಂದ ನಮ್ಮ ಹುಡುಗ, ತಲೆ ತಗ್ಗಿಸದೆ. ಸ್ವಲ್ಪ ಹೊತ್ತು ಬಿಟ್ಟು, ‘ಸಾರಿ ಸಾರ್, ಟೆಸ್ಟ್ ಕಾರು ಸರ್ವಿಸಿಗೆ ಹೋಗಿದೆ’ ಅಂದರು. ‘ಇಲ್ಲೇ ಹಿಂದೆ ತೊಳೆದು ನಿಲ್ಲಿಸಿದ್ದಾರಲ್ಲ, ನಾನೇ ನೋಡಿ ಬಂದೆ’ ಅಂದೆ ನಾನು. ಹಿಂದಿನ ಬಾಗಿಲಿಗೆ ಕಳಿಸಿದ್ದರಿಂದ ಒಂದು ಉಪಕಾರ ಆಯ್ತು ನೋಡಿ! ಮ್ಯಾನೇಜರ್ ಬಂದರು. ಅಳಿಯನಿಗೆ ಕೀ ಕೊಡೋಕೆ ಒಪ್ಪಿದರು. ನನ್ನ ಕಡೆ ಕೈ ತೋರಿಸಿ, ‘ಅವರಿಗೆ ಬೇಡ ಸಾರ್, ಇಂಥಾ ಕಾರಿಗೆ ಅಭ್ಯಾಸ ಬೇಕು’ ಅಂದರು.

ಅಭ್ಯಾಸ. ಈ ಒಂದು ಪದಕ್ಕೋಸ್ಕರ ಈ ಪೋಸ್ಟು.

1901ರಲ್ಲಿ ಬಾಲಕ ಭೀಮರಾವ್, ಅಣ್ಣನ ಜೊತೆ ಗೋರೆಗಾಂವ್‌ನಲ್ಲಿದ್ದ ಅಪ್ಪನನ್ನ ನೋಡೋಕೆ ಹೊರಟು ಮಸೂರ್ ಸ್ಟೇಷನ್ನಲ್ಲಿ ಇಳಿದರು. ಮಕ್ಕಳು ಮಹಾರರು ಅಂತ ಗೊತ್ತಾದ ಮೇಲೆ ಗಾಡಿಯವರು ಯಾರೂ ಬರಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಎರಡು ಪಟ್ಟು ಬಾಡಿಗೆ, ಗಾಡಿ ಮಕ್ಕಳೇ ಹೊಡೀಬೇಕು, ಅವನು ಪಕ್ಕದಲ್ಲಿ ನಡ್ಕೊಂಡು ಬರ್ತಾನೆ. 1929ರಲ್ಲಿ ಅದೇ ಭೀಮರಾವ್ ಬ್ಯಾರಿಸ್ಟರ್ ಆಗಿದ್ದರು. ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವನು ಅವರನ್ನ ಕೂರಿಸ್ಕೊಂಡು ಓಡಿಸಲ್ಲ ಅಂದ. ನಮ್ಮ ಜನ ಟಾಂಗಾ ಮಾತ್ರ ಬಾಡಿಗೆಗೆ ತಗೊಂಡು ತಮ್ಮವರನ್ನೇ ಓಡಿಸೋಕೆ ಕೂರಿಸಿದರು. ಅವರಿಗೆ ಅಭ್ಯಾಸ ಇರಲಿಲ್ಲ. ಸೇತುವೆ ಮೇಲೆ ಗಾಡಿ ಮಗುಚಿತು, ಬಾಬಾಸಾಹೇಬರ ಕಾಲು ಮುರಿಯಿತು. ಇದನ್ನೆಲ್ಲ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಬರೆದಿದ್ದಾರೆ. ಆ ಕಾಲು ಮುರಿದದ್ದು ಓಡಿಸಿದವನ ತಪ್ಪಿಂದ ಅಲ್ಲ. ಅವನ ಕೈಗೆ ಲಗಾಮು ಕೊಡದೇ ಇದ್ದ ತಲೆಮಾರುಗಳ ತಪ್ಪಿಂದ.

ನನ್ನ ಅಪ್ಪ ಜೀತಕ್ಕಿದ್ದರು. 1976ರಲ್ಲೇ ಜೀತ ನಿಷೇಧದ ಕಾನೂನು ಬಂದಿತ್ತು, ನಮ್ಮೂರಿಗೆ ಬರೋಕೆ ಇನ್ನೂ ಹತ್ತು ವರ್ಷ ಹಿಡೀತು. ಅಪ್ಪ ಧಣಿಗಳ ಗಾಡಿ ಹೊಡೀತಿದ್ದರು. ಹೊಲದಲ್ಲಿ ಮೂಕಿ ಮೇಲೆ ಕೂರಬಹುದಿತ್ತು. ಊರಬಾಗಿಲು ಬಂದ ತಕ್ಷಣ ಇಳಿದು ಎತ್ತಿನ ಪಕ್ಕ ನಡೀಬೇಕು. ಆ ಹುಡುಗ ವಾಷಿಂಗಿಂದ ಬಾಗಿಲವರೆಗೆ ಮಾತ್ರ ಓಡಿಸ್ತಾನೆ ಅಂದಾಗ ನನಗೆ ನೆನಪಾದದ್ದು ಅಪ್ಪ.

‘ಇದು ಜಾತಿ ಅಲ್ಲ, ದುಡ್ಡಿನ ವಿಷಯ’ ಅನ್ನೋರಿಗೆ ಒಂದು ಮಾತು. 2022ರ ಜನವರಿಯಲ್ಲಿ ತುಮಕೂರಿನ ಶೋರೂಮಲ್ಲಿ ರೈತರೊಬ್ಬರ ಬಟ್ಟೆ ನೋಡಿ ಹೀಯಾಳಿಸಿದಾಗ ಅವರು 10 ಲಕ್ಷ ನಗದು ತಂದು ತೋರಿಸಿದರು. ನಾನೂ ಶೇರ್ ಮಾಡಿದ್ದೆ, ಖುಷಿಪಟ್ಟಿದ್ದೆ. ಆದ್ರೆ ದುಡ್ಡಿಂದ ಆಗೋ ಅವಮಾನವನ್ನ ದುಡ್ಡು ತಂದು ಅಳಿಸಬಹುದು. ‘ಗೌಡ್ರಾ?’ ಅನ್ನೋ ಪ್ರಶ್ನೆಗೆ ಯಾವ ಬ್ಯಾಂಕಿಂದ ಉತ್ತರ ತರೋದು? ನನ್ನ ಅಳಿಯನ ಸಂಬಳ ಊರು ಕೇಳೋ ಮುಂಚೆ ಎಷ್ಟಿತ್ತೋ ಕೇಳಿದ ಮೇಲೂ ಅಷ್ಟೇ ಇತ್ತು. ಕಾರು ಮಾತ್ರ ಸರ್ವಿಸಿಗೆ ಹೋಯ್ತು!

2016ರಿಂದ ಜಾರಿಯಲ್ಲಿರೋ ದೌರ್ಜನ್ಯ ತಡೆ ಕಾಯ್ದೆ ತಿದ್ದುಪಡಿ ತೆಗೆದು ಓದಿ. ಸಾರ್ವಜನಿಕ ಜಾಗದಲ್ಲಿ ಸೈಕಲ್, ಮೋಟಾರ್ ಸೈಕಲ್ ಹತ್ತೋದನ್ನ, ಚಪ್ಪಲಿ, ಹೊಸಬಟ್ಟೆ ಹಾಕ್ಕೊಳ್ಳೋದನ್ನ, ಮದುವೆ ಮೆರವಣಿಗೆಯಲ್ಲಿ ಕುದುರೆ ಏರೋದನ್ನ ತಡೆದರೆ ಅಪರಾಧ ಅಂತ ಒಂದೊಂದಾಗಿ ಹೆಸರಿಟ್ಟು ಬರೆದಿದ್ದಾರೆ. ಈ ದೇಶದಲ್ಲಿ ಸೈಕಲ್ ಹತ್ತೋಕೂ ನಮಗೆ ಒಂದು ಕಲಂ ಬೇಕಾಗಿದೆ. ಇನ್ನು ಆ ಕೆಂಪು ಕಾರು ಬರೀ ಆಟಿಕೆ ಹೇಗಾಗುತ್ತೆ ಹೇಳಿ?

ಶೋರೂಮಿನ ಮಾತು ಬಿಡಿ, ನಮ್ಮ ಕಚೇರಿಗೇ ಬನ್ನಿ. ನಾನು ಗುಮಾಸ್ತ. ಹದಿನೆಂಟು ವರ್ಷದ ಸರ್ವಿಸ್‌ನಲ್ಲಿ ರಜೆ ಮೇಲೆ ಹೋದ ಮೇಲಿನವರ ಪ್ರಭಾರ ನನಗೆ ಒಂದು ದಿನವೂ ಕೊಟ್ಟಿಲ್ಲ. ನನಗಿಂತ ಆರು ವರ್ಷ ಚಿಕ್ಕವರಿಗೆ ಕೊಟ್ಟರು. ಕೇಳಿದರೆ, ‘ನಿಮಗೆ ಅನುಭವ ಇಲ್ಲವಲ್ರೀ’ ಅಂತಾರೆ. ಪ್ರಭಾರ ಕೊಡಲ್ಲ, ಅದಕ್ಕೇ ಅನುಭವ ಇಲ್ಲ. ಅನುಭವ ಇಲ್ಲ, ಅದಕ್ಕೇ ಪ್ರಭಾರ ಕೊಡಲ್ಲ. ಪರೀಕ್ಷೆಗೇ ಕೂರಿಸದೆ ಫೇಲ್ ಮಾಡೋ ಈ ವಿದ್ಯೆಗೆ ಇವರು ‘ಮೆರಿಟ್’ ಅಂತ ಹೆಸರಿಟ್ಟಿದ್ದಾರೆ.

ಅದಕ್ಕೇ ಆವತ್ತು ಕೂತ ಜಾಗ ಬಿಟ್ಟು ಏಳಲಿಲ್ಲ. ‘ಬುಕಿಂಗಲ್ಲಿ ನನ್ನ ಹೆಸರಿದೆ. 22 ವರ್ಷದ ಡಿಎಲ್ ಇದೆ, ಒಂದು ಆಕ್ಸಿಡೆಂಟ್ ಇಲ್ಲ. ಕೊಡಲ್ಲ ಅಂದ್ರೆ ಯಾಕೆ ಅಂತ ಬರೆದುಕೊಡಿ’ ಅಂದೆ. ಬರೆದುಕೊಡೋ ಧೈರ್ಯ ಯಾರಿಗೂ ಇರಲಿಲ್ಲ. ಫಾರಂಗೆ ಸೈನ್ ಹಾಕಿಸ್ಕೊಂಡು ಕೀ ಕೊಟ್ಟರು.

ಆರು ಕಿಲೋಮೀಟರ್. ಏರ್‌ಪೋರ್ಟ್ ಕಡೆ ರಸ್ತೆ. ಸೀಟು ನೆಲಕ್ಕೆ ಅಂಟಿದ ಹಾಗಿರುತ್ತೆ. ಹಂಪ್ ಬಂದರೆ ಮೂಗು ತಾಗದ ಹಾಗೆ ಮುಂಭಾಗ ಮೇಲೆತ್ತೋಕೆ ಒಂದು ಸ್ವಿಚ್ಚಿದೆ. ಕಾಲಿಟ್ಟರೆ ಬೆನ್ನನ್ನ ಸೀಟಿಗೆ ಒತ್ತಿ ಎಳ್ಕೊಂಡು ಹೋಗುತ್ತೆ. ಖುಷಿಯಾಯ್ತಾ? ಆಯ್ತು. ಯಾಕೆ ಸುಳ್ಳು ಹೇಳಲಿ? ನಾಚಿಕೆಪಡೋ ಖುಷಿ ಅಲ್ಲ ಅದು. ಎರಡನೇ ಹಂಪಿನ ಹೊತ್ತಿಗೆ ಕೈಗೆ ಹತ್ತಿತ್ತು. ‘ಅಭ್ಯಾಸ’ಕ್ಕೆ ಬೇಕಾಗಿದ್ದು ಅಷ್ಟೇ, ಐದು ನಿಮಿಷ ಸ್ಟೇರಿಂಗ್ ಕೈಲಿರೋದು.

ವಾಪಸ್ ಬಂದಾಗ ‘ಹೇಗಿತ್ತು ಸಾರ್?’ ಅಂದರು. ಮೊದಲ ಸಲ ನನಗೆ ಸಾರ್. ‘ಚೆನ್ನಾಗಿದೆ. ನಮ್ಮೂರ ರಸ್ತೆಗೆ ಆಗಲ್ಲ, ಬೇಡ’ ಅಂದೆ. ಕೋಟಿ ರೂಪಾಯಿ ಕಾರಿಗೆ ನಮ್ಮ ರಾಜ್ಯದಲ್ಲಿ ಬರೀ ರಸ್ತೆ ತೆರಿಗೆಯೇ 18 ಲಕ್ಷ ದಾಟುತ್ತೆ. ಆ ದುಡ್ಡಲ್ಲಿ ನಮ್ಮ ಕೇರಿಯಲ್ಲಿ ಎಷ್ಟು ಮಕ್ಕಳು ಓದಬಹುದು ಅನ್ನೋ ಲೆಕ್ಕ ನನಗೂ ಬರುತ್ತೆ ಗೆಳೆಯರೇ. ಆದ್ರೆ ‘ಬೇಡ’ ಅನ್ನೋದು ನನ್ನ ಬಾಯಿಂದ ಬರಬೇಕು, ಗೇಟಿನವರ ಬಾಯಿಂದ ಅಲ್ಲ. ಮುಟ್ಟೋಕೆ ಬಿಟ್ಟವರು ಬೇಡ ಅಂದರೆ ಸರಳತೆ. ಮುಟ್ಟೋಕೇ ಬಿಡದವರಿಗೆ ಸರಳತೆ ಬೋಧಿಸೋದು ಹಳೇ ಅಸ್ಪೃಶ್ಯತೆಗೆ ಹೊಸ ಬಟ್ಟೆ ಹೊದಿಸಿದ ಹಾಗೆ. ಬಾಬಾಸಾಹೇಬರು ಸೂಟು ಹಾಕಿದ್ದು ಯಾಕೆ ಅಂತ ಭಾಷಣದಲ್ಲಿ ಹೇಳ್ತೀವಿ, ಚಪ್ಪಾಳೆ ಹೊಡೀತೀವಿ. ನಮ್ಮ ಹುಡುಗ ಒಳ್ಳೇ ಕಾರಲ್ಲಿ ಕೂತರೆ ಮಾತ್ರ ಮುಖ ಸಿಂಡರಿಸ್ತೀವಿ.

ಕೊನೆಗೆ ಒಂದು ಕೋರಿಕೆ. ಬರೋ ಏಪ್ರಿಲ್ 14ಕ್ಕೆ ಡಿಜೆ, ಫ್ಲೆಕ್ಸ್ ಸ್ವಲ್ಪ ಕಮ್ಮಿ ಮಾಡೋಣ. ಉಳಿದ ದುಡ್ಡಲ್ಲಿ ಒಂದೊಂದು ಕೇರಿಯಿಂದ ಹತ್ತು ಮಕ್ಕಳಿಗೆ ಡ್ರೈವಿಂಗ್ ಕಲಿಸಿ ಡಿಎಲ್ ಮಾಡಿಸೋಣ. ಅದರಲ್ಲಿ ಐದು ಹೆಣ್ಣುಮಕ್ಕಳು ಇರಲೇಬೇಕು. ನನ್ನ ಕಡೆಯಿಂದ ಇಬ್ಬರ ಫೀಸು. ಮೊದಲನೆಯದು ಆ ಕಾರು ತೊಳೆಯೋ ಹುಡುಗನದು. ಅವನಿಗೆ ಇನ್ನೂ ಡಿಎಲ್ ಇಲ್ಲ, ನಂಬರ್ ತಗೊಂಡು ಬಂದಿದ್ದೀನಿ.

ಜೈಭೀಮ್.