ಅಂಕೆಗಳ ಕಂಠಾಭರಣ

ದೊಡ್ಡ ಸಂಖ್ಯೆಗಳ ಗುಣಾಕಾರವನ್ನು ಕಲಿಸುವಾಗ ತೋಚಿದ ಅಂಕೆಗಳನ್ನು ಸಾಲಾಗಿ ಬರೆದುಕೊಟ್ಟು, ಬಂದ ಉತ್ತರದ ಮುಂದೆ ಸರಿಯೆಂದೋ ತಪ್ಪೆಂದೋ ಗುರುತು ಹಾಕಿ, ಮುಂದಿನ ಲೆಕ್ಕಕ್ಕೆ ತೆರಳುವ ಪದ್ಧತಿ ನಮ್ಮ ಶಾಲೆಗಳಲ್ಲಿ ಬೇರೂರಿಬಿಟ್ಟಿದೆ. ಆ ಅಭ್ಯಾಸವು ನಿಷ್ಪ್ರಯೋಜಕವೆಂದು ನಾನು ಹೇಳೆನು. ಆದರೆ ಪಟ್ಟ ಶ್ರಮದ ಕೊನೆಯಲ್ಲಿ ಮಗುವು ಕಂಡು ಹಿಗ್ಗತಕ್ಕದ್ದೇನಾದರೂ ಇರಬೇಕೆಂಬುದನ್ನು ನಾವು ಮರೆತಿರುವುದು ಮಾತ್ರ ನಿಜ.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಕೊಂಡಾಡುತ್ತ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಇದನ್ನು ಮರೆತವನಲ್ಲ. 27994681 ಎಂಬ ಸಂಖ್ಯೆಯನ್ನು 441ರಿಂದ ಗುಣಿಸುವ ಲೆಕ್ಕವೊಂದು ಆ ಗ್ರಂಥದಲ್ಲಿದೆ. ನೋಡುವುದಕ್ಕೆ ಎರಡೂ ನೀರಸವಾದ ಸಂಖ್ಯೆಗಳೇ. ಆದರೆ ದಶಕಗಳನ್ನು ತಪ್ಪದೆ ಕೂಡಿಸಿಕೊಂಡು ಲೆಕ್ಕವನ್ನು ಮುಗಿಸಿದವನಿಗೆ ದೊರೆಯುವುದು 12345654321: ಒಂದರಿಂದ ಆರರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ, ಅದೇ ಕ್ರಮದಲ್ಲಿ ಇಳಿದು, ಯಾವ ತುದಿಯಿಂದ ಓದಿದರೂ ಒಂದೇ ಆಗಿರುವ ಸಂಖ್ಯೆ. ಇಂಥ ಗುಣಲಬ್ಧಗಳನ್ನು ಆಚಾರ್ಯನು ಕಂಠಾಭರಣಕ್ಕೆ ಹೋಲಿಸಿದನು. 12345679ನ್ನು 9ರಿಂದ ಗುಣಿಸಿ ಒಂಬತ್ತು ಒಂದುಗಳ ಸರವನ್ನು ಪಡೆಯುವ ಲೆಕ್ಕವೂ ಅವನದೇ.

ಸೊಗಸು ಕಣ್ಣಿಗೆ ಬಿದ್ದ ಮೇಲೆ ಅದರ ಕಾರಣವನ್ನು ಕೇಳದೆ ಬುದ್ಧಿಯು ಸುಮ್ಮನಿರದು. 111111ನ್ನು ಅದೇ ಸಂಖ್ಯೆಯಿಂದ ಗುಣಿಸುವಂತೆ ಮಗುವಿಗೆ ಹೇಳಿ ನೋಡಿರಿ. ಹಲಗೆಯ ಮೇಲೆ ಆರು ಸಾಲುಗಳು, ಒಂದರ ಕೆಳಗೊಂದು, ಪ್ರತಿಯೊಂದೂ ಒಂದು ಸ್ಥಾನ ಎಡಕ್ಕೆ ಸರಿದು ನಿಲ್ಲುತ್ತವೆ. ಕೂಡಲು ಹೊರಟರೆ ಬಲತುದಿಯಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ನಟ್ಟನಡುವೆ ಆರು, ಅಲ್ಲಿಂದ ಇಳಿಯುತ್ತ ಎಡತುದಿಯಲ್ಲಿ ಮತ್ತೆ ಒಂದು. ಹಾರವು ಹೇಗೆ ಪೋಣಿಸಲ್ಪಟ್ಟಿತೆಂಬುದು ಹೀಗೆ ಕಣ್ಣೆದುರೇ ಬಯಲಾಗುತ್ತದೆ. ಇನ್ನು, 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21ನ್ನೂ 5291ನ್ನೂ ಗುಣಿಸಿದರೆ ಬರುವುದು ಅದೇ 111111. ಅದನ್ನು ಬಿಡಿಸುತ್ತ ಹೋದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಉಳಿಯುತ್ತವೆ.

ಆದರೆ ಈ ಕ್ರಮಕ್ಕೂ ಒಂದು ಮೇರೆಯಿದೆ. ಒಂಬತ್ತು ಒಂದುಗಳ ವರ್ಗದವರೆಗೆ ಕೆಡದಿದ್ದ ಹಾರವು, ಹತ್ತು ಒಂದುಗಳನ್ನು ತೆಗೆದುಕೊಂಡೊಡನೆ ನಡುವಿನ ಮೊತ್ತ ಹತ್ತಾಗಿ, ದಶಕವು ಪಕ್ಕದ ಸ್ಥಾನಕ್ಕೆ ದಾಟಿ, 1234567900987654321 ಆಗಿ ಕದಡಿಹೋಗುತ್ತದೆ. ದಶಕವನ್ನು ಏಕೆ ಸಾಗಿಸಬೇಕೆಂಬುದನ್ನು ನೂರು ಸಲ ಬಾಯಲ್ಲಿ ಹೇಳಿದರೂ ನಾಟದ ಮಗುವಿಗೆ, ಹಾರವು ಕೆಟ್ಟ ಆ ಸ್ಥಳವೊಂದೇ ಸ್ಥಾನಬೆಲೆಯ ಮರ್ಮವನ್ನು ತಿಳಿಸಿಕೊಟ್ಟೀತು.

ಆದಕಾರಣ ಪಠ್ಯಪುಸ್ತಕಗಳನ್ನು ರಚಿಸುವ ಮಹನೀಯರಲ್ಲಿ ನನ್ನ ಬಿನ್ನಹವಿಷ್ಟೆ: ಗುಣಾಕಾರದ ಪಾಠಕ್ಕೆ ಇಂಥ ನಾಲ್ಕಾರು ಲೆಕ್ಕಗಳನ್ನಾದರೂ ಸೇರಿಸಿರಿ, ಅವುಗಳನ್ನು ಮಾಡಿ ಮುಗಿಸಿದ ಮಗುವಿಗೆ ಉತ್ತರದ ಮುಂದೆ ಕ್ಷಣಕಾಲ ನಿಲ್ಲುವ ಅವಕಾಶವನ್ನೂ ಕೊಡಿರಿ. ಇದಕ್ಕೆ ಹೆಚ್ಚಿನ ಸಲಕರಣೆ ಬೇಡ, ವೆಚ್ಚವೂ ಇಲ್ಲ. ಬೇಕಾದದ್ದು ಒಂದು ಹಲಗೆ, ಒಂದು ಬಳಪ, ಮತ್ತು ಲೆಕ್ಕವನ್ನು ಕೊಡುವ ಮೊದಲು ತಾನೇ ಅದನ್ನು ಮಾಡಿ ಹಿಗ್ಗಿದ ಒಬ್ಬ ಉಪಾಧ್ಯಾಯ.