ಅಜ್ಜಿಯ ಹಚ್ಚೆ, ಮೊಮ್ಮಗನ ಗ್ರೀಕು

ಭೀಮರಾಯನಗುಡಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿವೆ; ಕೃಷಿ ಮಹಾವಿದ್ಯಾಲಯವೂ ಇದೆ. ಅಲ್ಲಿ ಓದುವ ತರುಣನೊಬ್ಬನಿಗೆ ತೋಳಿನ ಮೇಲೆ ಗ್ರೀಕ್ ಭಾಷೆಯ ಎರಡು ಪದಗಳ ಹಚ್ಚೆ ಹಾಕಿಸಿಕೊಳ್ಳುವ ಹಂಬಲ ಹುಟ್ಟಿತೆಂದು ಇಟ್ಟುಕೊಳ್ಳಿ. ತಾಯಿಗೆ ಗಾಬರಿ, ತಂದೆಗೆ ಸಿಟ್ಟು. ಮೂಲೆಯಲ್ಲಿ ಕುಳಿತ ಅಜ್ಜಿ ಮಾತ್ರ ನಗುತ್ತಾಳೆ. ಅವಳ ಮುಂಗೈಯ ತುಂಬ ಇರುವುದು ಹಸಿರು ಹಚ್ಚೆಯೇ!

ಆ ಕಾಲದ ಹೆಂಗಸರಿಗೆ ಆಯ್ಕೆಯ ತೊಡಕಿರಲಿಲ್ಲ. ಕೊರವರ ಹೆಂಗಸು ಊರಿಗೆ ಬಂದಳೆಂದರೆ ಕಟ್ಟೆಯ ಮೇಲೆ ಕುಳಿತು, ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಯಿಂದ ಚುಚ್ಚುತ್ತ ಹಾಡುತ್ತಿದ್ದಳು. ಹಾಡು ನೋವನ್ನು ಮರೆಸುವುದಕ್ಕೆ. ಚುಕ್ಕೆ, ಚೇಳು, ತೊಟ್ಟಿಲು, ತುಳಸಿಕಟ್ಟೆ—ಇವೇ ಚಿತ್ರಗಳು. ಸತ್ತಮೇಲೆ ಒಡವೆಯನ್ನು ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯನ್ನು ಯಾರೂ ಬಿಚ್ಚಲಾರರು ಎಂಬುದು ಅವರ ನಂಬಿಕೆ.

ವಿಚಿತ್ರವೆಂದರೆ, ಪ್ರಾಚೀನ ಗ್ರೀಕರಿಗೆ ಹಚ್ಚೆಯೆಂದರೆ ಅಪಮಾನ. ಓಡಿಹೋದ ಗುಲಾಮನಿಗೂ ಅಪರಾಧಿಗೂ ಸೆರೆಯಾಳಿಗೂ ಅದನ್ನು ಚುಚ್ಚುತ್ತಿದ್ದರು. ಅದರ ಹೆಸರು ‘ಸ್ಟಿಗ್ಮ’. ಕಳಂಕವೆಂಬ ಅರ್ಥದಲ್ಲಿ ಇಂಗ್ಲಿಷಿಗೆ ಬಂದ ಪದವೂ ಅದೇ. ನೆರೆಯ ಥ್ರೇಸಿನವರಲ್ಲಿ ಮಾತ್ರ ಅದು ಕುಲೀನತೆಯ ಗುರುತಾಗಿತ್ತೆಂದು ಹೆರೊಡೋಟಸ್ ಬರೆದಿದ್ದಾನೆ. ಅವನು ಹೇಳುವ ಇನ್ನೊಂದು ಕಥೆ ಸ್ವಾರಸ್ಯವಾದುದು. ಕ್ರಿ.ಪೂ. 499ರ ಸುಮಾರಿಗೆ ಪಾರಸಿಕ ದೊರೆಯ ಬಳಿ ಸಿಕ್ಕಿಬಿದ್ದಿದ್ದ ಹಿಸ್ಟಿಯಾಯಸ್, ನಂಬುಗೆಯ ಆಳೊಬ್ಬನ ತಲೆ ಬೋಳಿಸಿ, ಅಲ್ಲಿ ದಂಗೆಯ ಸಂದೇಶವನ್ನು ಚುಚ್ಚಿಸಿ, ಕೂದಲು ಬೆಳೆದ ಮೇಲೆ ಮಿಲೀಟಸ್ ನಗರಕ್ಕೆ ಅಟ್ಟಿದನಂತೆ. ಅಲ್ಲಿ ಮತ್ತೆ ಕ್ಷೌರವಾದ ಮೇಲೆಯೇ ಓದು! ತನ್ನ ತಲೆಯ ಮೇಲಿನ ಬರಹವನ್ನು ಆ ಆಳು ಮಾತ್ರ ಕಾಣುವಂತಿರಲಿಲ್ಲ.

ಈ ತರುಣನ ಪಾಡೂ ಅದಕ್ಕಿಂತ ಹೆಚ್ಚು ಬೇರೆಯಲ್ಲ. ತಾನು ಓದಲಾರದುದನ್ನು, ಓದಲಾರದವನ ಕೈಯಿಂದಲೇ ಚುಚ್ಚಿಸಿಕೊಳ್ಳಲು ಹೊರಟಿದ್ದಾನೆ. ಗ್ರೀಕಿನ ‘ಸಿಗ್ಮ’ ಎಂಬ ಚಿಕ್ಕಕ್ಷರಕ್ಕೆ ಪದದ ನಡುವೆ ಒಂದು ರೂಪ, ಕೊನೆಯಲ್ಲಿ ಇನ್ನೊಂದು. ವಿಶೇಷಣಗಳಿಗೆ ಲಿಂಗಭೇದವುಂಟು: ಸ್ವತಂತ್ರನಾದವನು ‘ಎಲೆವ್ಥೆರೊಸ್’, ಸ್ವತಂತ್ರಳಾದವಳು ‘ಎಲೆವ್ಥೆರಾ’. ತಪ್ಪಿದರೆ ಅಳಿಸುವ ರಬ್ಬರಿಲ್ಲ. ಪ್ರಾಚೀನರು ಕಲ್ಲಿನ ಮೇಲೆ ದೊಡ್ಡಕ್ಷರಗಳಲ್ಲೇ, ಸ್ವರಚಿಹ್ನೆಗಳಿಲ್ಲದೆ ಕೊರೆಯುತ್ತಿದ್ದರು. ಆ ರೀತಿಯನ್ನು ಹಿಡಿದರೆ ಎಡವುವ ಭಯ ಕಡಿಮೆ.

ಗ್ರೀಕ್ ಲಿಪಿ ಕನ್ನಡಕ್ಕೆ ತೀರ ಹೊರಗಿನದೂ ಅಲ್ಲವೇನೋ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂದು ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ವಾದಿಸಿದರು. ವಿದ್ವಾಂಸರೆಲ್ಲ ಒಪ್ಪಿಲ್ಲ, ಚರ್ಚೆಯಂತೂ ರಸವತ್ತಾದುದು.

ತಾಯಿಯ ಗಾಬರಿಯನ್ನು ಮಾತ್ರ ಹಗುರವಾಗಿ ಕಾಣುವಂತಿಲ್ಲ. ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಸಿ ರೋಗಗಳು ಅಂಟಬಹುದು. ಆದುದರಿಂದಲೇ ಹಚ್ಚೆಯಾದ ಮೇಲೆ 12 ತಿಂಗಳು ರಕ್ತದಾನಕ್ಕೆ ಅವಕಾಶವಿಲ್ಲ. ಸೈನ್ಯ ಸೇರುವ ಆಸೆಯುಳ್ಳವರು ಜಾಗವನ್ನೂ ಯೋಚಿಸಬೇಕು. ಮುಂಗೈಯ ಒಳಬದಿಯಲ್ಲಿ, ಇಲ್ಲವೆ ಅಂಗೈಯ ಹಿಂಬದಿಯಲ್ಲಿ ಹಚ್ಚೆಯಿದ್ದರೆ ಸೈನ್ಯದಲ್ಲಿ ಒಪ್ಪುತ್ತಾರೆ. ಉಳಿದೆಡೆ ಇದ್ದರೆ, ಬುಡಕಟ್ಟಿನ ಸಂಪ್ರದಾಯದ ಹೊರತು, ಒಪ್ಪುವುದಿಲ್ಲ.

ಅಜ್ಜಿಯ ತುಳಸಿಕಟ್ಟೆ ಇರುವುದೂ ಮುಂಗೈಯ ಒಳಬದಿಯಲ್ಲಿಯೇ.